ಹಳೇ ಗೋವಾ ಚರ್ಚುಗಳ ಕನ್ನಡ ನಡಿಗೆ: ಗೌಂಡಿಯೊಬ್ಬನ ಅನಿಸಿಕೆ

ಪೋಂಡಾದಲ್ಲಿ ಗೌಂಡಿ ಕೆಲಸ ಹಿಡಿದು 22 ವರ್ಷವಾಯಿತು. ಪಣಜಿಯ ಸೈಟುಗಳಿಗೆ ಹೋಗುವಾಗ ಹಳೇ ಗೋವಾದ ಚರ್ಚುಗಳನ್ನು ಬೈಕಿನ ಮೇಲಿಂದಲೇ ನೋಡಿದ್ದೆ. ಕಳೆದ ಶನಿವಾರ ಮಗಳು ಹಟ ಹಿಡಿದು, ಕನ್ನಡದಲ್ಲೇ ವಿವರಿಸುವ ಈ ನಡಿಗೆಗೆ ಹೆಸರು ಬರೆಸಿದಳು. ತಲೆಗೆ 400 ರೂಪಾಯಿ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು.

ಗೈಡ್ ಹುಬ್ಬಳ್ಳಿ ಕಡೆಯ ಹೆಣ್ಣುಮಗಳು. ಸೇಂಟ್ ಕಜೇಟನ್ ಚರ್ಚಿನ ಗುಮ್ಮಟದ ಕೆಳಗೆ ನಿಲ್ಲಿಸಿ, ನನ್ನ ಕೆಲಸ ಗೊತ್ತಾದ ಕೂಡಲೇ, "ಅಣ್ಣಾರ, ಸುಮಾರು 45 ಮೀಟರ್ ಅಗಲದ ಗುಮ್ಮಟಕ್ಕ ಸೆಂಟ್ರಿಂಗ್ ಹೆಂಗ ಹೊಡೀತೀರಿ?" ಅಂದರು. ಸೆಂಟ್ರಿಂಗ್ ಅಂದರೆ ಗಾರೆ ಗಟ್ಟಿಯಾಗುವ ತನಕ ಕೆಳಗಿನಿಂದ ಆನಿಸುವ ಮರದ ಚೌಕಟ್ಟು. ಅಷ್ಟು ಮರ ಎಲ್ಲಿಂದ ತರೂದು ಅಕ್ಕಾರ, ಅಂದೆ. "ಫ್ಲಾರೆನ್ಸಿನವರಿಗೂ ಅದ ಚಿಂತಿ ಇತ್ತರಿ" ಎಂದು, ಇಟಲಿಯ ಆ ಊರಿನ ದೊಡ್ಡ ಚರ್ಚಿಗೆ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿಯ ಕತೆ ತೆಗೆದರು. 1420ರಲ್ಲಿ ಶುರುವಾಗಿ 1436ಕ್ಕೆ ಮುಗಿದ ಗುಮ್ಮಟ. ನೆಲದಿಂದ ಎಬ್ಬಿಸಿದ ಸೆಂಟ್ರಿಂಗ್ ಇಲ್ಲ. ಒಳಗೊಂದು ಹೊರಗೊಂದು ಎರಡು ಚಿಪ್ಪು. ಮಲಗಿಸಿದ ಇಟ್ಟಿಗೆಗಳ ನಡುನಡುವೆ ನಿಲ್ಲಿಸಿದ ಇಟ್ಟಿಗೆ, ಮೀನಿನ ಮುಳ್ಳಿನ ಹಾಗೆ. ಗಾರೆ ಹಸಿಯಿದ್ದರೂ ವರಸೆ ಜಾರುವುದಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಆ ಹಾಳೆ ಕೇಳಿ ಪಡೆದುಕೊಂಡೆ.

ಅಲ್ಲಿಂದ ಮಾತು ರೋಮಿನ ಸೇಂಟ್ ಪೀಟರ್ಸ್ ಚರ್ಚಿಗೆ ಹೊರಳಿತು, ಮೈಕೆಲೆಂಜೆಲೊ ಸತ್ತ ಮೇಲೆ 1590ರಲ್ಲಿ ಮುಗಿದ ಅವನ ಗುಮ್ಮಟ. ಅದೇ ಮಾದರಿ ಹಿಡಿದು 17ನೇ ಶತಮಾನದಲ್ಲಿ ಇಟಲಿಯ ಪಾದ್ರಿಗಳು ಇಲ್ಲಿ ಎಬ್ಬಿಸಿದ್ದೇ ನಮ್ಮ ತಲೆಯ ಮೇಲಿದ್ದದ್ದು, ನಾನು ದಿನಾ ಮುಟ್ಟುವ ಚಿರೇಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು), ಸುಣ್ಣದ ಗಾರೆಯಲ್ಲಿ.

ಮುಂದಿನ ಚರ್ಚು ಬಾಮ್ ಜೀಸಸ್, 1594ರಿಂದ 1605ರವರೆಗೆ ಕಟ್ಟಿದ್ದು. ಅದರ ಹೊರಗಾರೆಯನ್ನು 1950ರ ದಶಕದಲ್ಲಿ ಕಿತ್ತು, ಚಿರೇಕಲ್ಲನ್ನು ಬರಿಮೈಯಲ್ಲಿ ಬಿಟ್ಟಿದ್ದಾರೆ. ಗೋವಾದ ಮಳೆಗೆ ಬರೀ ಚಿರೇಕಲ್ಲು ನೀರು ಕುಡಿದು ಉದುರುವುದನ್ನು ಎಷ್ಟೋ ಕಾಂಪೌಂಡ್ ಗೋಡೆಗಳಲ್ಲಿ ಕಂಡಿದ್ದೇನೆ; ಆ ಗೋಡೆ ಸವರಿ ಹೊಟ್ಟೆ ಉರಿಯಿತು. ಇದನ್ನು ಗೈಡ್ ಎರಡೇ ಮಾತಿನಲ್ಲಿ ಮುಗಿಸಿದ್ದು ಸರಿಯಲ್ಲ. ಒಳಗೆ ಸಂತ ಫ್ರಾನ್ಸಿಸ್ ಸೇವಿಯರರ ದೇಹವಿರುವ ಪೆಟ್ಟಿಗೆ ಇಟ್ಟಿರುವ ಅಮೃತಶಿಲೆಯ ಕಟ್ಟೆ ಫ್ಲಾರೆನ್ಸಿನ ಶಿಲ್ಪಿ ಫೊಗಿನಿಯದು. ಅದು ಬರೋಕ್ ಕಾಲದ್ದು, ಬ್ರುನೆಲೆಸ್ಕಿ, ಮೈಕೆಲೆಂಜೆಲೊರ ರಿನೈಸಾನ್ಸ್ ಕಾಲ ಮುಗಿದ ಮೇಲಿನದು ಎಂದು ಬಿಡಿಸಿ ಹೇಳಿದರು, ಚೆನ್ನಾಗಿತ್ತು.

ಸೆ ಕ್ಯಾಥೆಡ್ರಲ್‌ಗೆ ಉಳಿದದ್ದು ಹತ್ತೇ ನಿಮಿಷ. ಹದಿನೈದು ಜನರ ಗುಂಪು, ಹಿಂದೆ ನಿಂತವರಿಗೆ ಮಾತು ಕೇಳುತ್ತಿರಲಿಲ್ಲ. ಎಂಟು ಜನ ಸಾಕು, ಒಂದು ತಾಸು ಹೆಚ್ಚಿಸಲಿ, ಇನ್ನೂ ನೂರು ರೂಪಾಯಿ ಕೊಡುತ್ತೇನೆ.

ಮುಂದಿನ ರಜೆಗೆ ನಮ್ಮ ಗ್ಯಾಂಗಿನ ನಾಲ್ಕು ಹುಡುಗರನ್ನು ಕರೆದುಕೊಂಡು ಹೋಗುತ್ತೇನೆ. ರೊಕ್ಕ ನನ್ನದೇ.