ಶಾಸಕರ ಬದುಕನ್ನು ಕಾಗದದಲ್ಲಿ ಓದುವುದು: ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್ ಎಷ್ಟು ಕೆಲಸಕ್ಕೆ ಬರುತ್ತದೆ?

ಶಾಸಕರೊಬ್ಬರ ಆಸ್ತಿ, ಓದು, ಕೇಸುಗಳ ಬಗ್ಗೆ ಕ್ಷೇತ್ರದಲ್ಲಿ ನೂರು ಮಾತು ಓಡಾಡುತ್ತವೆ. ಅವರೇ ಪ್ರಮಾಣ ಮಾಡಿ, ಪುಟಪುಟಕ್ಕೂ ಸಹಿ ಹಾಕಿ ಕೊಟ್ಟ ಕಾಗದ ಮಾತ್ರ ಒಂದೇ: ನಾಮಪತ್ರದ ಜತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ. ಎಲ್ಲರ ಬಾಯಲ್ಲಿ ಅದು ಅಫಿಡವಿಟ್. ಇದನ್ನು ಯಾರು ಬೇಕಾದರೂ ನೋಡಲು ಭಾರತ ಚುನಾವಣಾ ಆಯೋಗ ಅಫಿಡವಿಟ್ ಪೋರ್ಟಲ್ ನಡೆಸುತ್ತಿದೆ. ಶುಲ್ಕವಿಲ್ಲ, ಕಾರಣ ಹೇಳಬೇಕಾಗಿಲ್ಲ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕಾಗದ ಕೈಗೆ ಕೊಡುವುದರಲ್ಲಿ ಇದು ಒಳ್ಳೆಯ ಸೇವೆ, ಅದನ್ನು ಹೋಲಿಸಿ ಓದಲು ನೆರವಾಗುವುದರಲ್ಲಿ ತೀರಾ ಹಿಂದೆ. ಒಂದು ಚುನಾವಣೆಯ ಅಫಿಡವಿಟ್ ಒಂದು ದಿನದ ಲೆಕ್ಕ ಅಷ್ಟೆ. ರಾಜಕಾರಣಿಯ ಬದುಕು ಕಾಣಬೇಕಾದರೆ ಮೂರು ಚುನಾವಣೆಗಳ ಅಫಿಡವಿಟ್ ಪಕ್ಕಪಕ್ಕ ಇಟ್ಟು ನೋಡಬೇಕು. ಆ ಕೆಲಸವನ್ನು ಪೋರ್ಟಲ್ ಪೂರ್ತಿಯಾಗಿ ಓದುಗರಿಗೇ ಬಿಟ್ಟಿದೆ.

ಹುಡುಕುವ ಕ್ರಮ ಸುಲಭ. ಚುನಾವಣೆ, ರಾಜ್ಯ, ಹಂತ, ಕ್ಷೇತ್ರ, ಈ ನಾಲ್ಕನ್ನು ಆರಿಸಿದರೆ ಆ ಕ್ಷೇತ್ರದಲ್ಲಿ ನಾಮಪತ್ರ ಹಾಕಿದವರೆಲ್ಲರ ಪಟ್ಟಿ ಫೋಟೋ ಸಮೇತ ಬರುತ್ತದೆ. ನಾಮಪತ್ರ ಅಂಗೀಕಾರವಾದವರು, ತಿರಸ್ಕೃತರು, ಹಿಂತೆಗೆದುಕೊಂಡವರು, ಕಣದಲ್ಲಿ ಉಳಿದವರು ಎಂದು ಬೇರೆ ಬೇರೆಯಾಗಿಯೂ ನೋಡಬಹುದು. ಹೆಸರಿನಿಂದ ಹುಡುಕುವುದಕ್ಕಿಂತ ಕ್ಷೇತ್ರದಿಂದ ಹೋಗುವುದೇ ಮೇಲು. ಹೆಸರುಗಳೆಲ್ಲ ಇಂಗ್ಲಿಷ್ ಕಾಗುಣಿತದಲ್ಲಿವೆ, ನಮ್ಮ ಕಡೆಯ ‘ಗೌಡ’, ‘ಶೆಟ್ಟಿ’ಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಇನಿಷಿಯಲ್ ಕೆಲವರಿಗೆ ಹೆಸರಿನ ಮುಂದೆ, ಕೆಲವರಿಗೆ ಹಿಂದೆ. ಒಂದಕ್ಷರ ತಪ್ಪಿದರೂ ಅಭ್ಯರ್ಥಿ ಸಿಗುವುದಿಲ್ಲ. ಒಬ್ಬ ಅಭ್ಯರ್ಥಿ ನಾಲ್ಕು ಪ್ರತಿ ನಾಮಪತ್ರದವರೆಗೆ ಹಾಕಬಹುದಾದ್ದರಿಂದ ಒಂದೇ ಹೆಸರು ಎರಡು ಮೂರು ಸಲ ಕಂಡರೆ ಗಾಬರಿ ಬೇಡ. ಆದರೆ ಮೊದಲು ಕಣ್ಣಿಗೆ ಬಿದ್ದದ್ದನ್ನೇ ಇಳಿಸಿಕೊಂಡು ಮುಗಿಸಬೇಡಿ. ಪರಿಶೀಲನೆಗೆ ಮುಂಚೆ ಚುನಾವಣಾಧಿಕಾರಿ ಲೋಪ ತೋರಿಸಿದಾಗ ಕೆಲವರು ಹೊಸ ಅಫಿಡವಿಟ್ ಕೊಟ್ಟಿರುತ್ತಾರೆ. ದಿನಾಂಕ ನೋಡಿ, ಕೊನೆಯದನ್ನು ಇಟ್ಟುಕೊಳ್ಳಿ.

ಹಳೆಯ ಚುನಾವಣೆಗಳ ಕಾಗದ ಒಂದೇ ಕಡೆ ಸಿಗುವುದಿಲ್ಲ. ಅದಕ್ಕೆ ಆಯೋಗದ ಹಳೆಯ ಸಂಗ್ರಹಕ್ಕೋ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣಕ್ಕೋ ಹೋಗಬೇಕು. 2002ರ ಮೇ 2ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2003ರ ಮಾರ್ಚ್‌ನ ಇನ್ನೊಂದು ತೀರ್ಪಿನ ನಂತರವೇ ಈ ಪದ್ಧತಿ ಗಟ್ಟಿಯಾದದ್ದು. ಹಾಗಾಗಿ ಕರ್ನಾಟಕದ ಮಟ್ಟಿಗೆ 2004ಕ್ಕಿಂತ ಹಿಂದಿನ ವಿಧಾನಸಭಾ ಚುನಾವಣೆಗಳಿಗೆ ಇಂಥ ಅಫಿಡವಿಟ್ ಹುಡುಕುವುದು ವ್ಯರ್ಥ.

ದೊಡ್ಡ ಕೊರತೆ ಇರುವುದು ಕಡತದಲ್ಲೇ. ಛಾಪಾಕಾಗದದ ಮೇಲೆ ಟೈಪ್ ಮಾಡಿ, ನೋಟರಿ ಮೊಹರು ಒತ್ತಿದ ಹಾಳೆಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿರುತ್ತಾರೆ. ಒಳಗಿರುವುದು ಅಕ್ಷರವಲ್ಲ, ಚಿತ್ರ. ಪದ ಹುಡುಕಲು ಬರುವುದಿಲ್ಲ, ಕಾಪಿ ಮಾಡಲು ಬರುವುದಿಲ್ಲ. ನೋಟರಿಯ ಮೊಹರು ಬೀಳುವುದು ಬಹಳ ಸಲ ಅಂಕಿಯ ಮೇಲೆಯೇ, 3 ಮತ್ತು 8ರ ನಡುವೆ ಅನುಮಾನ ಬಂದರೆ ಕೊನೆಯ ಭಾಗಕ್ಕೆ ಹೋಗಿ. ನಮೂನೆಯ ‘ಬಿ’ ಭಾಗದಲ್ಲಿ ಎಲ್ಲದರ ಸಾರಾಂಶ ಇರುತ್ತದೆ, ಒಟ್ಟು ಮೊತ್ತ ತಾಳೆ ನೋಡಿದರೆ ಮಸುಕಾದ ಅಂಕಿ ಯಾವುದೆಂದು ಗೊತ್ತಾಗುತ್ತದೆ. ಸಾರಾಂಶವನ್ನೇ ಓದಿ ಬಿಡುವುದು ಮಾತ್ರ ತಪ್ಪು. ಪತ್ರಿಕೆಗಳಲ್ಲಿ ಬರುವ ‘ಇಷ್ಟು ಕೋಟಿ ಒಡೆಯ’ ಸುದ್ದಿ ಹುಟ್ಟುವುದು ಅಲ್ಲಿಂದಲೇ. ಅದು ಬಹುತೇಕ ಏನನ್ನೂ ಹೇಳುವುದಿಲ್ಲ.

ಸಮಯ ಕೊಡಬೇಕಾದದ್ದು 7ನೇ ಕಲಮಿಗೆ. ಅದರ ‘ಎ’ ಚರಾಸ್ತಿ: ಕೈಯಲ್ಲಿರುವ ನಗದು, ಠೇವಣಿ, ಷೇರು, ವಿಮೆ, ಕೊಟ್ಟ ಸಾಲ, ವಾಹನ, ಒಡವೆ. ‘ಬಿ’ ಸ್ಥಿರಾಸ್ತಿ: ಕೃಷಿ ಜಮೀನು, ಕೃಷಿಯೇತರ ಜಾಗ, ವಾಣಿಜ್ಯ ಕಟ್ಟಡ, ವಾಸದ ಮನೆ. ಪ್ರತಿಯೊಂದಕ್ಕೂ ಸ್ವಂತ, ಪತ್ನಿ ಅಥವಾ ಪತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು ಎಂದು ಬೇರೆ ಬೇರೆ ಅಂಕಣ. ಜಮೀನಿಗಾದರೆ ಊರು, ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡ ದಿನಾಂಕ, ಕೊಂಡ ಬೆಲೆ, ಇಂದಿನ ಅಂದಾಜು ಬೆಲೆ.

ಒಂದು ಕಲ್ಪಿತ ಸಾಲನ್ನು ಹತ್ತಿರದಿಂದ ನೋಡೋಣ. 2 ಎಕರೆ 10 ಗುಂಟೆ ಜಮೀನಿಗೆ 2013ರಲ್ಲಿ 27 ಲಕ್ಷ, 2018ರಲ್ಲಿ 67.5 ಲಕ್ಷ ಎಂದು ಬರೆದಿದೆ ಅನ್ನಿ. ಎಕರೆಗೆ 40 ಗುಂಟೆಯಂತೆ ಅದು 90 ಗುಂಟೆ. ಗುಂಟೆಗೆ 30 ಸಾವಿರ ಇದ್ದದ್ದು 75 ಸಾವಿರವಾಗಿದೆ. ಸರ್ವೆ ನಂಬರ್ ಅದೇ, ವಿಸ್ತೀರ್ಣ ಅದೇ. ಇಲ್ಲಿ ಶಾಸಕರು ಏನನ್ನೂ ಸಂಪಾದಿಸಿಲ್ಲ, ನೆಲದ ಬೆಲೆ ಏರಿದೆ. ಒಡವೆಗೂ ಇದೇ ನಿಯಮ: ಮೌಲ್ಯ ಬಿಟ್ಟು ಗ್ರಾಂ ನೋಡಿ. ನಿಜವಾದ ಬದಲಾವಣೆ ಎಂದರೆ ಹಿಂದಿನ ಅಫಿಡವಿಟ್‌ನಲ್ಲಿಲ್ಲದ ಸರ್ವೆ ನಂಬರ್. ಅದು ಸಿಕ್ಕಾಗ ಕೊಂಡ ದಿನಾಂಕ, ಕೊಂಡ ಬೆಲೆ ನೋಡಿ, ಆಮೇಲೆ ಆದಾಯ ತೆರಿಗೆಯ ಕೋಷ್ಟಕಕ್ಕೆ ಬನ್ನಿ. 2019ರ ಆರಂಭದಲ್ಲಿ ಆದ ತಿದ್ದುಪಡಿಯಿಂದ ಐದು ವರ್ಷಗಳ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯ ಬರೆಯಬೇಕು, ಅದಕ್ಕೂ ಹಿಂದಿನವುಗಳಲ್ಲಿ ಹೆಚ್ಚೆಂದರೆ ಒಂದೇ ವರ್ಷದ್ದು ಇರುತ್ತದೆ. ಆ ಆದಾಯದಲ್ಲಿ ಆ ಬೆಲೆ ಹೊಂದುತ್ತದೆಯೇ ಎಂಬುದು ಪ್ರಶ್ನೆ. ಉತ್ತರಿಸುವ ಮುಂಚೆ ಎಚ್ಚರ: ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಅಡಿಕೆ, ಕಾಫಿ ತೋಟ ಇರುವವರ ತೆರಿಗೆ ಆದಾಯ ಕಡಿಮೆ ಕಂಡ ಮಾತ್ರಕ್ಕೆ ಅನುಮಾನ ಸಲ್ಲದು. ಆದಾಯದ ಮೂಲ ಏನೆಂದು 9ಎ ಕಲಮಿನಲ್ಲಿ ಹೇಳಿರುತ್ತಾರೆ, ಸರ್ಕಾರದ ಜತೆ ಗುತ್ತಿಗೆ ಇದ್ದರೆ 9ಬಿಯಲ್ಲಿ ಬರಬೇಕು.

ಸರ್ವೆ ನಂಬರ್ ಇದ್ದಲ್ಲಿ ಕರ್ನಾಟಕದ ಓದುಗರಿಗೆ ದೊಡ್ಡ ಅನುಕೂಲವಿದೆ. ರಾಜ್ಯದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ಮತ್ತು ಹಿಸ್ಸಾ ನಂಬರ್ ಕೊಟ್ಟು ಪಹಣಿ ತೆಗೆಯಿರಿ. 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 10ರಲ್ಲಿ ಹೇಗೆ ಬಂತು, ಕ್ರಯವೋ ದಾನವೋ ವಿಭಾಗವೋ, ಎಂಬುದು ಕಾಣುತ್ತದೆ. 11ರಲ್ಲಿ ಸಾಲದ ನಮೂದಿದ್ದರೆ ಅಫಿಡವಿಟ್‌ನ 8ನೇ ಕಲಮಿನ ಋಣಗಳಲ್ಲಿ ಅದು ಇದೆಯೇ ನೋಡಿ. ‘ಅಂದಾಜು ಮಾರುಕಟ್ಟೆ ಬೆಲೆ’ ಎಂಬುದು ಅಭ್ಯರ್ಥಿಯ ಸ್ವಂತ ಅಂದಾಜು, ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಪಕ್ಕ ಇಟ್ಟರೆ ಎಷ್ಟು ಹತ್ತಿರ, ಎಷ್ಟು ದೂರ ತಿಳಿಯುತ್ತದೆ. ಹಿಸ್ಸಾ ನಂಬರ್ ಬರೆಯದೆ ಬರೀ ಸರ್ವೆ ನಂಬರ್ ಕೊಟ್ಟ ಅಫಿಡವಿಟ್‌ಗಳಲ್ಲಿ ಮಾತ್ರ ಈ ತಾಳೆ ಕಷ್ಟ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹಿಸ್ಸೆಗಳಿರುತ್ತವೆ.

ಈ ಕಾಗದದ ಅತಿದೊಡ್ಡ ಕಿಂಡಿ ‘ಅವಲಂಬಿತರು’ ಎಂಬ ಮಾತಿನಲ್ಲಿದೆ. ಸ್ವಂತ ಆದಾಯವಿಲ್ಲದೆ ಅಭ್ಯರ್ಥಿಯನ್ನೇ ನೆಚ್ಚಿರುವವರು ಮಾತ್ರ ಅಲ್ಲಿ ಬರುತ್ತಾರೆ. ದುಡಿಯುವ ಮಗ, ಮಗಳು, ಅಳಿಯ, ತಮ್ಮ ಯಾರೂ ಬರುವುದಿಲ್ಲ. ಹಿಂದಿನ ಚುನಾವಣೆಯಲ್ಲಿ ಅವಲಂಬಿತನೆಂದು ತೋರಿಸಿದ್ದ ಮಗ ಈ ಸಲ ಕಾಣೆಯಾದರೆ ಅವನ ಆಸ್ತಿಯೂ ಕಾಗದದಿಂದ ಕಾಣೆ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ಓದುವವರು ಮಾತ್ರ ‘ಆಸ್ತಿ ಇಳಿದಿದೆ’ ಎಂದುಕೊಳ್ಳುತ್ತಾರೆ. ಹಾಗಾಗಿ ಒಟ್ಟು ಮೊತ್ತವನ್ನು ಹೋಲಿಸುವ ಮೊದಲು ಅಂಕಣಗಳಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸಲೇಬೇಕು.

ಕೇಸುಗಳದ್ದು 5 ಮತ್ತು 6ನೇ ಕಲಮು: ಬಾಕಿ ಇರುವವು, ಶಿಕ್ಷೆಯಾದವು. ಸಂಖ್ಯೆ ನೋಡಿ ತೀರ್ಮಾನಿಸುವುದು ಅನ್ಯಾಯ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 143, 341 ಇದ್ದರೆ ಬಹುಮಟ್ಟಿಗೆ ಅದು ರಸ್ತೆ ತಡೆ, ಮೆರವಣಿಗೆಯ ಕೇಸು. ಹೋರಾಟದಿಂದ ಬಂದವರಿಗೆ ಅಂಥವು ಹತ್ತಿದ್ದರೂ ಆಶ್ಚರ್ಯವಿಲ್ಲ. 420 (ವಂಚನೆ), 307 (ಕೊಲೆ ಯತ್ನ), 376 (ಅತ್ಯಾಚಾರ) ಬೇರೆ ಮಾತು. 2024ರ ಜುಲೈ 1ರ ನಂತರದ ಪ್ರಕರಣಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳಿರುತ್ತವೆ, ಹಳೆಯ ಅಂಕಿಗಳೊಂದಿಗೆ ಬೆರೆಸಬೇಡಿ. ದೋಷಾರೋಪ ನಿಗದಿಯಾಗಿದೆಯೇ ಎಂಬ ಸಾಲು ಮುಖ್ಯ, ಎಫ್‌ಐಆರ್ ಮಟ್ಟದಲ್ಲೇ ನಿಂತ ದೂರಿಗೂ ನ್ಯಾಯಾಲಯ ಮೇಲ್ನೋಟಕ್ಕೆ ಹುರುಳಿದೆ ಎಂದು ಕಂಡ ಆರೋಪಕ್ಕೂ ಬಹಳ ಅಂತರವಿದೆ. ಕೇಸ್ ನಂಬರ್ ಕೊಟ್ಟಿರುವುದರಿಂದ ಇ-ಕೋರ್ಟ್ಸ್ ಜಾಲತಾಣದಲ್ಲಿ ಇಂದಿನ ಸ್ಥಿತಿ ನೋಡಬಹುದು.

ಪೋರ್ಟಲಿನಲ್ಲಿ ಇರುವುದೆಲ್ಲ ಪರಿಶೀಲಿಸಿದ ಸತ್ಯ ಎಂದು ನಂಬುವುದು ಸಾಮಾನ್ಯ ತಪ್ಪು. ಚುನಾವಣಾಧಿಕಾರಿ ನೋಡುವುದು ಕಲಮುಗಳು ತುಂಬಿವೆಯೇ, ಸಹಿ ಇದೆಯೇ, ಪ್ರಮಾಣ ಆಗಿದೆಯೇ ಎಂದಷ್ಟೆ. 2013ರ ಸೆಪ್ಟೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಬೇಕು, ಎಚ್ಚರಿಸಿದ ಮೇಲೂ ಖಾಲಿ ಬಿಟ್ಟರೆ ನಾಮಪತ್ರ ಹೋಗುತ್ತದೆ. ಬರೆದದ್ದು ಸುಳ್ಳಾದರೆ ದಾರಿ ಬೇರೆ. ಯಾರಾದರೂ ಎದುರು ಅಫಿಡವಿಟ್ ಹಾಕಬಹುದು, ಅದನ್ನೂ ಪ್ರಕಟಿಸಬೇಕು. ಜನಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು. ಗೆಲುವನ್ನೇ ಪ್ರಶ್ನಿಸುವುದಾದರೆ ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಈ ಗಡುವು ತಪ್ಪಿದ ಮೇಲೆ ಸಿಕ್ಕ ಪಹಣಿಯಿಂದ ಆ ದಾರಿಯಲ್ಲಿ ಪ್ರಯೋಜನವಿಲ್ಲ.

ಇಷ್ಟು ಕಷ್ಟಪಡಲು ಸಮಯವಿಲ್ಲದವರಿಗೆ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆ ನಡೆಸುವ ಮೈನೇತಾ ಜಾಲತಾಣ ಇದೆ. ಅದೇ ಸ್ಕ್ಯಾನ್ ಹಾಳೆಗಳನ್ನು ಓದಿ ಅಕ್ಷರ ರೂಪದ ಕೋಷ್ಟಕ ಮಾಡಿಟ್ಟಿದ್ದಾರೆ, ಒಬ್ಬರೇ ಅಭ್ಯರ್ಥಿಯ ಬೇರೆ ಚುನಾವಣೆಗಳ ವಿವರಕ್ಕೂ ಕೊಂಡಿ ಸಿಗುತ್ತದೆ. ಸರ್ಕಾರಿ ಪೋರ್ಟಲ್ ಮಾಡಬೇಕಿದ್ದ ಕೆಲಸವೇ ಇದು. ಎಲ್ಲಿ ಹುಡುಕಬೇಕೆಂದು ಕಂಡುಕೊಳ್ಳಲು ಮೈನೇತಾ ಬಳಸಿ, ಬರೆಯಲು ಅಥವಾ ದೂರು ಕೊಡಲು ಮೂಲ ಪಿಡಿಎಫ್ ಮಾತ್ರ.

ಹಳೆಯ ತಲೆಮಾರಿನ ನಾಯಕರ ವಿಷಯಕ್ಕೆ ಬಂದರೆ ಆಯೋಗದ ಇನ್ನೊಂದು ಸೇವೆ, 1951–52ರಿಂದ ಶುರುವಾಗುವ ಚುನಾವಣಾ ಅಂಕಿಅಂಶ ವರದಿಗಳು, ಆಸರೆ. ಕ್ಷೇತ್ರವಾರು ಅಭ್ಯರ್ಥಿ, ಪಕ್ಷ, ಮತ ಎಲ್ಲ ಇವೆ. ಆದರೆ ಬರೀ ಅದನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ದೇವರಾಜ ಅರಸು ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅರಸು ಅವರು ಹುಣಸೂರಿನಿಂದ 1952ರಲ್ಲಿ ಗೆದ್ದವರು. ಅದನ್ನು ‘ಕರ್ನಾಟಕ’ ಎಂದು ಹುಡುಕಿದರೆ ಸಿಗದು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅವರ ಸರ್ಕಾರದಲ್ಲೇ. 1972ರವರೆಗಿನ ವರದಿಗಳೆಲ್ಲ ‘ಮೈಸೂರು’ ಹೆಸರಿನಲ್ಲಿವೆ. 1962ರಲ್ಲಿ ಅವರು ಅವಿರೋಧವಾಗಿ ಆಯ್ಕೆಯಾದ್ದರಿಂದ ಅಲ್ಲಿ ಮತದ ಲೆಕ್ಕವೇ ಇಲ್ಲ. 1972ರಲ್ಲಿ ಇನ್ನೂ ವಿಚಿತ್ರ: ಪಕ್ಷವನ್ನು ಗೆಲ್ಲಿಸಿ ಮಾರ್ಚ್ 20ರಂದು ಮುಖ್ಯಮಂತ್ರಿಯಾದವರು ಆ ಸಾರ್ವತ್ರಿಕ ಚುನಾವಣೆಗೆ ಸ್ವತಃ ನಿಂತಿರಲೇ ಇಲ್ಲ. ಸಾರ್ವತ್ರಿಕ ಚುನಾವಣೆಯ ವರದಿಗಳಲ್ಲಿ ಉಪಚುನಾವಣೆಗಳು ಸೇರುವುದಿಲ್ಲ, ಹಾಗಾಗಿ ಈ ಕೋಷ್ಟಕವನ್ನಷ್ಟೇ ಓದಿದವರು ಅರಸು ರಾಜಕೀಯ ಬಿಟ್ಟರೆಂದುಕೊಳ್ಳಬಹುದು! 1978ಕ್ಕೆ ಬಂದರೆ ಪಕ್ಷದ ಸಂಕೇತ ಬೇರೆ, ಅದು ಇಂದಿರಾ ಕಾಂಗ್ರೆಸ್. ಕ್ಷೇತ್ರ ಮರುವಿಂಗಡಣೆಯೂ ಇದೆ: 1952ರಲ್ಲಿ 99 ಸ್ಥಾನ, 1957ರಲ್ಲಿ 208, 1967ರಲ್ಲಿ 216, 1978ರಿಂದ 224. ಒಂದೇ ಹೆಸರಿನ ಕ್ಷೇತ್ರ ಎಂದಾಕ್ಷಣ ಒಂದೇ ಗಡಿ ಎಂದು ತಿಳಿಯಬಾರದು, 2008ರಲ್ಲೂ ಗಡಿಗಳು ಬದಲಾಗಿವೆ.

ಅರಸು ಅವರನ್ನು ಜನ ಇಂದಿಗೂ ನೆನೆಯುವುದು ಉಳುವವನಿಗೆ ನೆಲ ಕೊಟ್ಟ, 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿಗಾಗಿ, ಹಿಂದುಳಿದ ವರ್ಗಗಳ ಹಾವನೂರು ಆಯೋಗಕ್ಕಾಗಿ. ಅದರ ಒಂದು ಸಾಲೂ ಈ ವರದಿಗಳಲ್ಲಿ ಬರುವುದಿಲ್ಲ. ಅದಕ್ಕೆ ವಿಧಾನಮಂಡಲದ ನಡವಳಿಕೆಗಳನ್ನೇ ಓದಬೇಕು. ಇಂದಿನ ಶಾಸಕರಿಗೂ ಇದು ಅನ್ವಯಿಸುತ್ತದೆ. ಸದನದಲ್ಲಿ ಕೇಳಿದ ಚುಕ್ಕೆ ಗುರುತಿನ ಪ್ರಶ್ನೆ, ಮಸೂದೆಯ ಮೇಲೆ ಆಡಿದ ಮಾತು ಅಫಿಡವಿಟ್‌ನಲ್ಲಿ ಇರುವುದಿಲ್ಲ.

ಎರಡು ಚುನಾವಣೆಗಳ ನಡುವಿನ ಐದು ವರ್ಷ ಪೋರ್ಟಲ್ ಮೌನವಾಗಿರುತ್ತದೆ. ಕರ್ನಾಟಕದಲ್ಲಿ ಆ ಅವಧಿಗೂ ಒಂದು ಕಾಗದವಿದೆ. ಲೋಕಾಯುಕ್ತ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪ್ರತಿ ವರ್ಷ ಜೂನ್ 30ರೊಳಗೆ ಶಾಸಕರು ಆಸ್ತಿ ಮತ್ತು ಋಣದ ವಿವರ ಸಲ್ಲಿಸಬೇಕು. ಇನ್ನು ಚುನಾವಣಾ ವೆಚ್ಚದ ಲೆಕ್ಕವನ್ನು ಫಲಿತಾಂಶದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು, ವಿಧಾನಸಭೆಗೆ ನಮ್ಮಲ್ಲಿ ಮಿತಿ 40 ಲಕ್ಷ ರೂಪಾಯಿ. ಅಫಿಡವಿಟ್, ವೆಚ್ಚದ ಲೆಕ್ಕ, ಲೋಕಾಯುಕ್ತಕ್ಕೆ ಕೊಟ್ಟ ವಿವರ ಮೂರೂ ಬೇರೆ ಬೇರೆ ಕಚೇರಿಯ ಕಡತಗಳು. ಆಯೋಗ ಮೊದಲು ಮಾಡಬೇಕಾದ್ದು ನಮೂನೆ 26ನ್ನು ಅಕ್ಷರ ರೂಪದಲ್ಲೇ ತುಂಬಿಸಿಕೊಂಡು ಹಾಗೆಯೇ ಪ್ರಕಟಿಸುವುದು, ಒಬ್ಬ ಅಭ್ಯರ್ಥಿಯ ಎಲ್ಲ ವರ್ಷಗಳ ಕಾಗದ ಒಂದೇ ಪುಟದಲ್ಲಿ ಸಿಗುವಂತೆ ಮಾಡುವುದು. ಅಲ್ಲಿಯವರೆಗೆ, ಚುನಾವಣೆ ಮುಗಿಯುವ ಮುಂಚೆಯೇ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳ ಪಿಡಿಎಫ್‌ಗಳನ್ನು ಇಳಿಸಿ ವರ್ಷ, ಕ್ಷೇತ್ರ, ಹೆಸರು ಹಾಕಿ ಉಳಿಸಿಟ್ಟುಕೊಳ್ಳಿ. ಗೆದ್ದವರದ್ದಷ್ಟೇ ಅಲ್ಲ, ಎರಡನೇ ಸ್ಥಾನದವರದ್ದೂ ಇರಲಿ, ಮುಂದಿನ ಸಲ ಗೆಲ್ಲುವವರು ಅವರೇ ಆಗಿರಬಹುದು.