ಪರಾತದಿಂದ ಎರಡು ಹನಿಗೆ: ನಮ್ಮ ಮನೆ-ಬಸ್ಸಿನ ಆಯಿಲ್ ಸೋರಿಕೆ ದುರಸ್ತಿ, 23 ತಿಂಗಳ ಬಳಿಕ

ದುರಸ್ತಿ ಮಾಡಿದ ಶೆಡ್ಡಿನಿಂದ ಬಸ್ಸು ಮನೆಗೆ ಬಂದು 23 ತಿಂಗಳಾಯಿತು. ನಿನ್ನೆ ರಾತ್ರಿ ಅದರ ಕೆಳಗೆ ಹಾಸಿದ್ದ ರದ್ದಿ ಪತ್ರಿಕೆಯ ಮೇಲೆ ಬಿದ್ದದ್ದು ಎರಡು ಹನಿ. ದುರಸ್ತಿಗೆ ಮೊದಲು ಅದೇ ಜಾಗದಲ್ಲಿ ರೊಟ್ಟಿ ಹಿಟ್ಟು ನಾದುವ ಹಳೆಯ ಪರಾತ ಇಡುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಅದರ ತಳ ಕಾಣುತ್ತಿರಲಿಲ್ಲ.

ಬಸ್ಸು ಟಾಟಾ 1512, ಆರು ಸಿಲಿಂಡರಿನ 5.9 ಲೀಟರ್ ಕಮಿನ್ಸ್ ಎಂಜಿನ್ನಿನದು. ಕಾಲೇಜೊಂದು ಹರಾಜಿಗೆ ಹಾಕಿದ್ದನ್ನು ಕೊಂಡು ಸೀಟು ಕಿತ್ತು ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕು ಕೂರಿಸಿದೆವು. ಅದಕ್ಕೆ ಆರ್‌ಟಿಒ ಒಪ್ಪಿಗೆ ಪಡೆದ ಕಥೆಯನ್ನು ಇಲ್ಲಿ ಎತ್ತುವುದಿಲ್ಲ, ರಕ್ತದೊತ್ತಡ ಏರುತ್ತದೆ. ಓಡಿಸುವುದು ಮನೆಯವರ ಕೆಲಸ, ಆಯಿಲ್ ಲೆಕ್ಕ ನನ್ನದು. 2023ರ ಬೇಸಿಗೆಯಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದರೆ, ಅಂದರೆ 120 ಕಿಲೋಮೀಟರಿಗೆ, ಮುಕ್ಕಾಲು ಲೀಟರ್ ಎಂಜಿನ್ ಆಯಿಲ್ ಸುರಿಯಬೇಕಾಗುತ್ತಿತ್ತು ಎಂದು ನನ್ನ ಪುಸ್ತಕದಲ್ಲಿದೆ. ಮುಂಜಾಗ್ರತೆಗೆಂದು ಮನೆಯವರು ಡಿಪ್‌ಸ್ಟಿಕ್ಕಿನ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಯ, ಮೇಲಿನ ಗೆರೆ ದಾಟುವಷ್ಟು ಹಾಕಿಬಿಡುತ್ತಿದ್ದರು. ಹೆಚ್ಚಾದದ್ದನ್ನು ಎಂಜಿನ್ನು ಇಟ್ಟುಕೊಳ್ಳುವುದಿಲ್ಲ, ಸಿಕ್ಕ ಸಂದಿಯಿಂದ ಹೊರಗೆ ಕಳಿಸುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು.

ಮೊದಲು ಹೋದದ್ದು ಹೆದ್ದಾರಿ ಬದಿಯ ಒಂದು ದೊಡ್ಡ ಗ್ಯಾರೇಜಿಗೆ. ಹೆಸರು ಹೇಳುವುದಿಲ್ಲ. ಬಸ್ಸಿನ ಕೆಳಗೆ ಟಾರ್ಚು ಬಿಟ್ಟು ನೋಡಿ ಎರಡೇ ನಿಮಿಷದಲ್ಲಿ ‘ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ’ ಎಂದರು, ಅಂದರೆ ಎಂಜಿನ್ನಿನ ತಿರುಗುವ ದಂಡದ ಹಿಂತುದಿಯಲ್ಲಿ ಆಯಿಲ್ ತಡೆಯುವ ಬಳೆ. ಗೇರ್‌ಬಾಕ್ಸ್ ಇಳಿಸಿ, ಸೀಲ್ ಬದಲಿಸಿ 14,500 ರೂಪಾಯಿ ತೆಗೆದುಕೊಂಡರು. ಮೂರು ವಾರಕ್ಕೆ ಪರಾತ ಮತ್ತೆ ಅಂಗಳಕ್ಕೆ ಬಂತು. ತಿರುಗಿ ಹೋಗಿ ಕೇಳಿದರೆ ‘ಹಳೆಯ ಬಸ್ಸಲ್ಲವೇ’ ಎಂಬ ಉತ್ತರ. ಹಳೆಯದು ಎಂಬುದು ಹಣ ತೆಗೆದುಕೊಳ್ಳುವಾಗ ಅವರಿಗೆ ನೆನಪಾಗಿರಲಿಲ್ಲ.

ಈ ವಿಮರ್ಶೆ ಎರಡನೆಯ ಜಾಗದ ಕೆಲಸದ್ದು: ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಕಡೆಯ, ಫಲಕವೂ ಇಲ್ಲದ ಒಂದು ತಗಡಿನ ಶೆಡ್ಡು. ಇಲ್ಲಿ ಮೊದಲ ದಿನ ಒಂದು ನಟ್ಟನ್ನೂ ಬಿಚ್ಚಲಿಲ್ಲ. ಡೀಸೆಲ್ ಹಚ್ಚಿ ಉಜ್ಜಿ, ನೀರು ಹೊಡೆದು ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ತೊಳೆದರು. ಒಣಗಿದ ಮೇಲೆ ನನ್ನ ಮುಖದ ಪೌಡರ್ ಡಬ್ಬಿಯನ್ನೇ ಕೇಳಿ ಪಡೆದು ಜೋಡಣೆಗಳ ಮೇಲೆಲ್ಲ ಉದುರಿಸಿದರು. ಭರಮಸಾಗರದವರೆಗೆ ಓಡಿಸಿಕೊಂಡು ಬಂದು ನೋಡಿದರೆ ಬಿಳಿಯ ಮೇಲೆ ಎಣ್ಣೆಯ ದಾರಿ ಗೆರೆ ಎಳೆದಂತೆ ಕಾಣುತ್ತಿತ್ತು. ಎಂಜಿನ್ ಆಯಿಲ್ ಹೊರಟದ್ದು ಹಿಂದಿನ ಸೀಲಿನಿಂದಲ್ಲ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ, ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ಮರೆಯಲ್ಲಿರುವ ಕವರಿನ ಗ್ಯಾಸ್ಕೆಟ್ಟಿನಿಂದ, ಅಂದರೆ ಸಂದಿ ಮುಚ್ಚುವ ಪಟ್ಟಿಯಿಂದ. ಗಾಳಿಗೆ ಹಿಂದಕ್ಕೆ ಹರಿದು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ತಳದಲ್ಲಿ ಹನಿಯುತ್ತಿದ್ದುದರಿಂದ ಸೀಲಿನ ತಲೆಗೆ ಕಟ್ಟಲಾಗಿತ್ತು.

ಅದರ ಪಕ್ಕದಲ್ಲೇ ಇನ್ನೊಂದು ಹನಿ. ಮೇಸ್ತ್ರಿ ಬೆರಳಿಗೆ ಹಚ್ಚಿಕೊಂಡು ನನ್ನ ಮುಂದೆ ಹಿಡಿದರು. ‘ಮೂಸಿ ನೋಡಿ ಅಕ್ಕ, ಇದು ಎಂಜಿನ್ನಿನದಲ್ಲ.’ ಡೀಸೆಲ್ ಎಂಜಿನ್ನಿನ ಆಯಿಲ್ ಕಾಡಿಗೆಯಂತೆ ಕಪ್ಪು. ಇದು ಮಂದವಾಗಿತ್ತು, ಪಟಾಕಿ ಸುಟ್ಟಂತಹ ಗಂಧಕದ ವಾಸನೆ ಇತ್ತು. ಅದು ಗೇರ್ ಆಯಿಲ್. ಆದರೆ ಜೇನಿನ ಬಣ್ಣ ಇರಬೇಕಾದದ್ದು ಹಾಲು ಹೆಚ್ಚಾದ ಚಹಾದಂತಿತ್ತು: ಒಳಗೆ ನೀರು ಸೇರಿತ್ತು.

ನೀರು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಾವಿಬ್ಬರೂ ತಲೆ ತಗ್ಗಿಸಬೇಕಾಯಿತು. ನಮ್ಮ ಅಡುಗೆಕಟ್ಟೆಯ ಸಿಂಕಿನ ಪೈಪು ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಕೊನೆಯಾಗುತ್ತಿತ್ತು. ಅಲ್ಲಿರುವ ಬ್ರೀದರ್, ಅಂದರೆ ಒಳಗಿನ ಗಾಳಿ ಉಸಿರಾಡುವ ಪುಟ್ಟ ಕಿಂಡಿ, ಅನ್ನದ ಅಗುಳು ಮತ್ತು ರಸ್ತೆಯ ಧೂಳು ಸೇರಿ ಸಿಮೆಂಟು ಹಾಕಿದಂತೆ ಮುಚ್ಚಿತ್ತು. ಓಡುವಾಗ ಕಾದು ಹಿಗ್ಗಿದ ಗಾಳಿಗೆ ದಾರಿಯಿಲ್ಲದೆ ಆಯಿಲನ್ನು ಸೀಲಿನ ಅಂಚಿನಿಂದ ಹೊರಗೆ ತಳ್ಳುತ್ತದೆ. ನಿಂತು ತಣ್ಣಗಾದಾಗ ಅದೇ ಅಂಚಿನಿಂದ ಹೊರಗಿನ ತೇವವನ್ನು ಒಳಗೆ ಎಳೆಯುತ್ತದೆ. ಎಂಜಿನ್ನಿನದೂ ಅದೇ ಗೋಳು. ಬಾನೆಟ್ಟಿನ ಸುತ್ತ ಬಡಗಿ ಕಟ್ಟಿದ ಪ್ಲೈವುಡ್ ಪೆಟ್ಟಿಗೆ ಅದರ ಬ್ರೀದರ್ ಪೈಪನ್ನು ಚಪ್ಪಟೆ ಮಾಡಿತ್ತು. ಇಪ್ಪತ್ತು ವರ್ಷ ಹುಡುಗರನ್ನು ಹೊತ್ತಾಗ ಸೋರದ ಬಸ್ಸು ನಮ್ಮ ಮಂಚ ಹೊತ್ತ ಮೇಲೆ ಸೋರಿತು.

ಇನ್ನೂ ಹೆದರಿಸಿದ್ದು ಆ ಪೆಟ್ಟಿಗೆಯೊಳಗಿನ ಸ್ಪಂಜು. ಸದ್ದು ತಗ್ಗಲೆಂದು ಅಂಟಿಸಿದ್ದೆವು. ಹಿಂಡಿದರೆ ಎಣ್ಣೆ ಸುರಿಯುವಷ್ಟು ನೆನೆದಿತ್ತು, ಒಂದು ಗೇಣು ದೂರದಲ್ಲಿ ಸೈಲೆನ್ಸರಿಗೆ ಹೋಗುವ ಬಿಸಿ ಪೈಪು. ಅದರ ಹಿಂದೆಯೇ ಮಕ್ಕಳು ಮಲಗುತ್ತಿದ್ದರು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಕೆಲಸದ ವಿವರ ಚಿಕ್ಕದಾಗಿ. ಎರಡೂ ಬ್ರೀದರಿನ ದಾರಿ ಬಿಡಿಸಿದರು, ಪಕ್ಕದ ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿದರು, ಗೇರ್‌ಬಾಕ್ಸಿನ ಮುಂದಿನ, ಹಿಂದಿನ ಸೀಲು ಬದಲಿಸಿದರು. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ತಿರುಗುವ ಫ್ಲ್ಯಾಂಜಿನಲ್ಲಿ ಸೀಲು ಉಜ್ಜಿ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿತ್ತು; ಅದಕ್ಕೆ ತೆಳುವಾದ ಸ್ಲೀವ್ ತೊಡಿಸದೆ ಸೀಲು ಹಾಕಿದ್ದರೆ ಹಣ ನೀರಿನ ಪಾಲಾಗುತ್ತಿತ್ತು. ಕ್ರ್ಯಾಂಕಿನ ಸೀಲನ್ನೂ ಮತ್ತೆ ಬದಲಿಸಬೇಕಾಯಿತು. ಈ ಎಂಜಿನ್ನಿನ ಹಿಂದಿನ ಸೀಲನ್ನು ಎಣ್ಣೆ ಸೋಂಕದಂತೆ, ಶಾಫ್ಟನ್ನೂ ಒರೆಸಿ, ಒಣಗಿದಂತೆಯೇ ಕೂರಿಸಬೇಕು. ಅದಕ್ಕಾಗಿ ಪ್ಲಾಸ್ಟಿಕ್ ಗೈಡ್ ಜೊತೆಗೇ ಬರುತ್ತದೆ. ಮೊದಲಿನ ಗ್ಯಾರೇಜಿನವರು ರಬ್ಬರ್ ಸೀಲಿನ ಅಭ್ಯಾಸಬಲದಲ್ಲಿ ಆಯಿಲ್ ಸವರಿ ತುರುಕಿದ್ದರು. ಎಲ್ಲ ಸೇರಿ 27,600 ರೂಪಾಯಿ, ಅದರಲ್ಲಿ ಕೂಲಿ 11,000. ನೆಲದ ಪ್ಲೈವುಡ್ ಕೊಯ್ದು ಗೇರ್‌ಬಾಕ್ಸಿನ ಮೇಲೆ ಮುಚ್ಚಳ ಮಾಡಿಸಿದ್ದು ಬೇರೆ. ಮಕ್ಕಳು ಅದನ್ನು ಹಗೇವು ಎನ್ನುತ್ತಾರೆ.

ದೂರುಗಳೂ ಇವೆ. ಆರು ದಿನ ಎಂದವರು 19 ದಿನ ಇಟ್ಟುಕೊಂಡರು. ಕೇಳಿದಾಗಲೆಲ್ಲ ‘ನಾಳೆ’. ಬಿಲ್ಲನ್ನು ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಟ್ಟರು. ಎಂಟನೆಯ ತಿಂಗಳಿಗೆ ಪಕ್ಕದ ಕವರು ಸ್ವಲ್ಪ ಜಿನುಗಿತು. ಬೋಲ್ಟು ಬಿಗಿ ಮಾಡಿಕೊಟ್ಟು ಹಣ ಬೇಡವೆಂದರು. ಸಿಲಿಕಾನ್ ಪೇಸ್ಟು ಮೆತ್ತಿಬಿಡಿ ಎಂದು ನಾನೇ ಹೇಳಿದ್ದೆ, ಒಪ್ಪಲಿಲ್ಲ. ಹೆಚ್ಚಾದ ಪೇಸ್ಟು ಒಳಗೆ ಕಳಚಿ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಗುತ್ತದೆಯಂತೆ.

ಇಲ್ಲಿಯವರೆಗೆ 9,400 ಕಿಲೋಮೀಟರ್ ಓಡಿದೆ. 2025ರ ಜನವರಿಯಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಹಿರಿಯೂರಿನ ಕಡೆ ಮೂರು ರಾತ್ರಿ ನಿಲ್ಲಿಸಿದ್ದೆವು. ಪರಾತವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರ ನಡುವೆ ಈಗ ಒಂದು ಲೀಟರ್ ಸೇರಿಸಿದರೆ ಹೆಚ್ಚು. ಗೇರ್ ಆಯಿಲ್ ಬಣ್ಣ ಜೇನಿನದೇ. ಉಳಿದ ಆ ಎರಡು ಹನಿ ಸಂಪಿನ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ, ಹಿಂದಿನ ಮೂಲೆಯದು. ಅದಕ್ಕೆ ಸಂಪು ಇಳಿಸಬೇಕು, ಆ ಖರ್ಚು ನನಗೆ ಬೇಡ. ವಾರಕ್ಕೊಮ್ಮೆ ಬೆಳಿಗ್ಗೆ ಎಂಜಿನ್ನು ಚಾಲೂ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಿ ಬರೆದಿಡುತ್ತೇನೆ.

ನಿಮ್ಮದೂ ಇಂಥ ಬಸ್ಸಾದರೆ ಬಡಗಿಯನ್ನು ಕರೆಸುವ ಮೊದಲೇ ಸೀಲು, ಗ್ಯಾಸ್ಕೆಟ್ಟಿನ ಕೆಲಸ ಮುಗಿಸಿ, ಎರಡು ಬ್ರೀದರ್ ಎಲ್ಲಿವೆ ಎಂದು ಬಡಗಿಗೆ ಕೈ ಮುಟ್ಟಿಸಿ ತೋರಿಸಿ. ನಮ್ಮ ಸಿಂಕಿನ ಪೈಪು ಈಗ ಹಿಂದಿನ ಚಕ್ರದಾಚೆಯ ಕ್ಯಾನಿಗೆ ಹೋಗುತ್ತದೆ. ಮೊನ್ನೆಯಿಂದ ಆ ಕ್ಯಾನು ಸೋರುತ್ತಿದೆ. ಅದು ನೀರು; ನನ್ನ ಪುಸ್ತಕದ ಲೆಕ್ಕಕ್ಕೆ ಬರುವುದಿಲ್ಲ, ಮನೆಯವರು ನೋಡಿಕೊಳ್ಳಲಿ.