ನಲ್ಲಿಯ ಬಿಳಿ ಕಲೆಗೆ ಬಾಟ್ಲಿ ಬೇಕಾ? ನಿಂಬೆ, ಹುಣಸೆ, ಸೋಡಾ ಹಾಕಿ ನೋಡಿದೆ

ನಮ್ಮದು ತುಮಕೂರಿನಲ್ಲಿ ಬಾಡಿಗೆ ಮನೆ. ಬೋರ್‌ವೆಲ್ ನೀರು, ಸಿಕ್ಕಾಪಟ್ಟೆ ಗಡಸು. ಬಕೆಟ್ಟು, ಮಗ್ಗು, ನಲ್ಲಿ, ಬಚ್ಚಲಿನ ಟೈಲ್ಸು, ಎಲ್ಲದರ ಮೇಲೂ ಬಿಳಿ ಪೊರೆ. ಹೋದ ದೀಪಾವಳಿಗೆ ಮುಂಚೆ 180 ರೂಪಾಯಿ ಕೊಟ್ಟು ಒಂದು ಸ್ಪ್ರೇ ಬಾಟ್ಲಿ ತಂದೆ. ಅದರ ಘಾಟಿಗೆ ಬಾಗಿಲು ತೆರೆದಿಟ್ಟು ಹೊರಗೆ ಬಂದು ನಿಲ್ಲಬೇಕಾಯಿತು. ಕಲೆ ಅರ್ಧ ಹೋಯಿತು, ಅರ್ಧ ಉಳಿಯಿತು. ಆಮೇಲೆ ಅಡುಗೆಮನೆಯಲ್ಲಿ ಇರುವುದನ್ನೇ ಒಂದೊಂದಾಗಿ ಹಾಕಿ ನೋಡುತ್ತಾ ಬಂದೆ.

ಮೊದಲು ನಿಂಬೆ. ಆ ಬಿಳಿ ಪೊರೆ ಬೇರೇನೂ ಅಲ್ಲ, ಹೆಚ್ಚಿನಂಶ ನೀರಿನಲ್ಲಿ ಬರುವ ಸುಣ್ಣದ ಅಂಶ. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ನಾನು ಮಾಡಿದ್ದು ಇಷ್ಟೇ: ಹಳೇ ಕಾಟನ್ ಬಟ್ಟೆಯ ತುಂಡನ್ನು ನಿಂಬೆರಸದಲ್ಲಿ ಅದ್ದಿ, ನಲ್ಲಿಯ ಮೂತಿಗೆ ಸುತ್ತಿ, ಮೇಲೆ ಒಂದು ರಬ್ಬರ್ ಬ್ಯಾಂಡ್ ಹಾಕಿದೆ. ಅರ್ಧ ಗಂಟೆ ಬಿಟ್ಟೆ. ಬಟ್ಟೆ ಸ್ವಲ್ಪ ಸರಿಸಿ ನೋಡಿದರೆ ಪೊರೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದಾಗ ಬಿಳಿ ಚಕ್ಕೆ ಉದುರಿ, ಒಳಗಿನ ಸ್ಟೀಲು ಕಾಣಿಸಿತು. ನಲ್ಲಿಯ ತುದಿಯಲ್ಲಿ ಒಂದು ಜಾಲರಿ ಇರುತ್ತದಲ್ಲ, ಅದನ್ನೂ ತಿರುಗಿಸಿ ಬಿಚ್ಚಿ, ರಸದಲ್ಲಿ ನೆನೆಸಿಟ್ಟೆ. ವರ್ಷದಿಂದ ಓರೆಯಾಗಿ ಚಿಮ್ಮುತ್ತಿದ್ದ ನೀರು ನೇರ ಬಿತ್ತು. ಎರಡು ನಿಂಬೆಹಣ್ಣಿನ ಖರ್ಚು. ಶರಬತ್ತಿಗೆ ಹಿಂಡಿದ ಹೋಳೂ ಆಗುತ್ತದೆ, ಸ್ವಲ್ಪ ಜಾಸ್ತಿ ಉಜ್ಜಬೇಕು ಅಷ್ಟೇ. ಇದಕ್ಕೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ.

ಒಂದು ಕಳೆದದ್ದು ಯಾಕೆಂದರೆ, ಅಡುಗೆಮನೆಯ ಕಟ್ಟೆ. ನಮ್ಮದು ಕಡಪ ಕಲ್ಲು. ಹಿಂಡಿದ ಹೋಳೊಂದನ್ನು ರಾತ್ರಿ ಅದರ ಮೇಲೇ ಮರೆತೆ. ಬೆಳಿಗ್ಗೆ ದುಂಡಗೆ ಒಂದು ಬಿಳಿಚಿದ ಗುರುತು. ಉಜ್ಜಿದರೂ ಹೋಗಲಿಲ್ಲ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿಯದೇ. ಹುಳಿ ನಲ್ಲಿಯ ಮೇಲಿನ ಪೊರೆಯನ್ನು ತಿನ್ನುವ ಹಾಗೆಯೇ ಕಲ್ಲನ್ನೂ ತಿನ್ನುತ್ತದೆ. ಮಾರ್ಬಲ್ಲಿಗೂ ಇದೇ ಗತಿ. ಕೊಬ್ಬರಿ ಎಣ್ಣೆ ಸವರಿದರೆ ಗುರುತು ಮಬ್ಬಾಗುತ್ತದೆ, ಒಂದು ವಾರಕ್ಕೆ ಮತ್ತೆ ಕಾಣುತ್ತದೆ. ನನಗೆ ಈಗಲೂ ಬೇಜಾರು, ಮನೆ ನಮ್ಮದಲ್ಲ ನೋಡಿ.

ಹುಣಸೆಹಣ್ಣಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ? ಸಾರಿಗೆ ಹಿಂಡಿ ಉಳಿದ ನಾರಿಗೆ ಚಿಟಿಕೆ ಉಪ್ಪು ಸೇರಿಸಿದರೆ ಹಿತ್ತಾಳೆ ದೀಪ ಫಳಫಳ. ತೊಳೆದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮತ್ತೆ ಮಂಕಾಗುತ್ತದೆ. ಒಳಗೆ ಕಪ್ಪಾದ ಅಲ್ಯೂಮಿನಿಯಂ ಕುಕ್ಕರಿನಲ್ಲಿ ನೀರಿನ ಜೊತೆ ಒಂದು ತುಂಡು ಹುಣಸೆ ಹಾಕಿ ಕುದಿಸಿದರೆ ಕಪ್ಪು ಬಿಡುತ್ತದೆ.

ಅಡುಗೆ ಸೋಡಾ ಜಿಡ್ಡಿಗೆ. ಒಲೆಯ ಸುತ್ತ ಒಗ್ಗರಣೆ ಎಣ್ಣೆ ಸಿಡಿದು ಅಂಟಂಟಾಗಿರುತ್ತದಲ್ವಾ, ಅಲ್ಲಿ ಸೋಡಾ ಉದುರಿಸಿ, ಬಿಸಿನೀರಿನ ಬಟ್ಟೆ ಹತ್ತು ನಿಮಿಷ ಹೊದಿಸಿಡಿ. ಚೆನ್ನಾಗಿ ಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಾಕಬೇಡಿ, ಕಪ್ಪಾಗುತ್ತದೆ. ಇನ್ನೊಂದು, ಸೋಡಾ ಮತ್ತು ವಿನೆಗರ್ ಎರಡನ್ನೂ ಬೆರೆಸಿ ಬುಸ್ ಅನ್ನಿಸುವ ವಿಡಿಯೋಗಳನ್ನು ಎಲ್ಲರೂ ನೋಡಿರುತ್ತೀರಿ. ನೊರೆ ಚೆನ್ನಾಗಿ ಬರುತ್ತದೆ, ಕಲೆ ಇದ್ದಲ್ಲೇ ಇರುತ್ತದೆ. ಹುಳಿ ಸೋಡಾವನ್ನು ಕೊಲ್ಲುತ್ತದೆ, ಸೋಡಾ ಹುಳಿಯನ್ನು. ಸುಮ್ನೆ ಎರಡೂ ದಂಡ. ಬೇರೆ ಬೇರೆಯಾಗಿ ಬಳಸಿ.

ಬ್ಲೀಚಿಂಗ್ ಪೌಡರ್ ಹಾಕಿದ ಬಚ್ಚಲಿಗೆ ಮಾತ್ರ ನಿಂಬೆ, ವಿನೆಗರ್ ಯಾವುದನ್ನೂ ತರಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಉಸಿರು ಕಟ್ಟುತ್ತದೆ. ಇದನ್ನು ದಯವಿಟ್ಟು ನೆನಪಿಡಿ.

ನನಗೆ ಅತೀ ಖುಷಿ ಕೊಟ್ಟದ್ದು ಮಾತ್ರ ಒಂದು ಪೈಸೆಯೂ ಖರ್ಚಿಲ್ಲದ್ದು. ಮಗಳ ಬಿಳಿ ಯೂನಿಫಾರ್ಮ್ ಮೇಲೆ ಹುಳಿ ಚೆಲ್ಲಿತ್ತು. ಅಂಗೈ ಅಗಲದ ಅರಿಶಿನ ಕಲೆ. ಸೋಪು ಹಚ್ಚಿದೆ, ನೋಡುತ್ತಿದ್ದ ಹಾಗೇ ಹಳದಿ ಹೋಗಿ ಕೆಂಪಾಯಿತು! ಗಾಬರಿಯಾಗಿ ಅತ್ತೆಗೆ ಫೋನ್ ಮಾಡಿದೆ.

"ಅಯ್ಯೋ, ಅದಕ್ಯಾಕೆ ಹೆದರ್ತೀಯಮ್ಮಾ? ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕುಂಕುಮದ ಬಣ್ಣ ಬರಲ್ವಾ, ಹಂಗೇ ಇದೂ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕು" ಅಂದರು.

ಜಾಲಿಸಿದ ಮೇಲೆ ಕೆಂಪು ಮತ್ತೆ ಹಳದಿಗೆ ತಿರುಗಿತು. ಒದ್ದೆ ಇರುವಾಗಲೇ ಕಲೆ ಮೇಲೆ ಬರುವ ಹಾಗೆ ಮಹಡಿಯ ತಂತಿಗೆ ಹಾಕಿದೆ. ಮೊದಲ ದಿನ ಸಂಜೆಗೆ ಬಾಳೆಹಣ್ಣಿನ ಒಳಸಿಪ್ಪೆಯಷ್ಟು ತಿಳಿಯಾಗಿತ್ತು. ಎರಡನೇ ದಿನ ಹುಡುಕಿದರೂ ಸಿಗಲಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದೇ ಇಲ್ಲ. ಇದಕ್ಕೆ ಹತ್ತಕ್ಕೆ ಹತ್ತು.

ರಕ್ತದ ಕಲೆಗೆ ತಣ್ಣೀರು ಸಾಕು, ಬಿಸಿನೀರು ಹಾಕಿದರೆ ಕೂತುಬಿಡುತ್ತದೆ.

ಆ ಬಾಟ್ಲಿಯನ್ನು ನಾನು ಮತ್ತೆ ತರುವುದಿಲ್ಲ. ಈಗ ರಾತ್ರಿ ಮಲಗುವ ಮುಂಚೆ ನಲ್ಲಿಗಳನ್ನು ಒಮ್ಮೆ ಒಣಬಟ್ಟೆಯಲ್ಲಿ ಒರೆಸುತ್ತೇನೆ. ನೀರು ಆರಿದಾಗಲೇ ಅಲ್ವಾ ಸುಣ್ಣ ಕೂರುವುದು. ತಿಂಗಳಿಗೊಮ್ಮೆ ನಿಂಬೆ ಬಟ್ಟೆ ಸುತ್ತಿದರೆ ಸಾಕಾಗುತ್ತಿದೆ.